ಸೈಕಲ್ ಹರಕೆ

ಸೈಕಲ್ಲಿನಲ್ಲಿ ಮೈಸೂರಿಗೆ ಹೋಗುತ್ತೇನೆ ಅಂದರೆ ಎಲ್ಲರ ಕಣ್ಣೂ ಮೊದಲು ಇಳಿಯುವುದು ಕಾಲಿಗೆ. ಮಂಡಿ ಹೇಗಿದೆ? ಮೀನಖಂಡ ಹಿಡಿದುಕೊಳ್ಳುವುದಿಲ್ಲವೆ? ಐವತ್ತರ ಹೊಸ್ತಿಲಲ್ಲಿ ಇದೆಲ್ಲ ಬೇಕಿತ್ತೆ? ಪಾಪ, ಕಾಲುಗಳು ಅಷ್ಟೇನೂ ರಗಳೆ ಮಾಡುವ ಪೈಕಿ ಅಲ್ಲ. ಮಾರ್ಕೆಟ್ಟು, ಮಹಡಿ ಮೆಟ್ಟಿಲು, ಬಸ್ ಸ್ಟಾಪು ಅಂತ ಅವಕ್ಕೆ ದುಡಿಮೆ ರೂಢಿಯಾಗಿದೆ. ರಗಳೆ ತೆಗೆಯುವುದು ಬೇರೆಯೇ ಒಂದು ಭಾಗ. ಬ್ಯಾಂಕಿನ ಕುರ್ಚಿಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಯಾರ ಹಂಗೂ ಇಲ್ಲದೆ ಕೂತಿದ್ದ ಭಾಗ. ಸಭ್ಯರ ಮಾತಿನಲ್ಲಿ ಅದರ ಪ್ರಸ್ತಾಪ ಬರುವುದಿಲ್ಲ. ಅದಕ್ಕೇ ಹೊಸಬರಿಗೆ ಯಾರೂ ಅದರ ವಿಷಯ ಮುಂಚಿತವಾಗಿ ಹೇಳಿರುವುದಿಲ್ಲ.

ಅಂಗಡಿಯಲ್ಲಿ ಸೈಕಲ್ ಆರಿಸುವಾಗ ಅಗಲವಾದ, ಒತ್ತಿದರೆ ಬೆರಳು ಒಳಗೆ ಹೋಗುವ ಸೀಟೇ ಕಣ್ಣಿಗೆ ಚೆಂದ. ಬೀದಿಯ ಕೊನೆಯವರೆಗೆ ಒಂದು ಸುತ್ತು ಹೊಡೆದರೆ ಸುಖವೋ ಸುಖ. ಗಂಟೆ ಕಳೆಯುವ ಹೊತ್ತಿಗೆ ಬಣ್ಣ ಬಯಲು. ಕೂತಾಗ ಮೈಭಾರ ಹೊರಬೇಕಾದವು ಸೊಂಟದ ತಳದಲ್ಲಿರುವ ಎರಡು ಮೂಳೆಗಳು. ಮೆತ್ತನೆ ಸೀಟಿನಲ್ಲಿ ಅವು ಹೂತುಹೋಗಿ, ಭಾರವೆಲ್ಲ ನಡುವಿನ ಮೆದುಮಾಂಸದ ಮೇಲೆ ಬಿದ್ದು ಜೋಮು ಹಿಡಿಯುತ್ತದೆ. ಅಗಲ ಹೆಚ್ಚಾದಷ್ಟೂ ತೊಡೆಯ ಒಳಮೈ ಉಜ್ಜಿ ಉರಿಯುತ್ತದೆ. ದೂರದ ಸವಾರರು ಗಟ್ಟಿಯಾದ, ಕಿರಿದಾದ ಸೀಟನ್ನು ಹುಡುಕಿಕೊಂಡು ಹೋಗುವುದು ವೈರಾಗ್ಯ ಬಂದು ಅಲ್ಲ, ಲೆಕ್ಕಾಚಾರ ಹಾಕಿ. ಮೊದಲ ಕೆಲವು ವಾರ ಕುರ್ಚಿ ಕಂಡರೂ ಹೆದರಿಕೆ. ಆಮೇಲೆ ಮೈ ತಾನಾಗಿ ಒಗ್ಗಿಕೊಳ್ಳುತ್ತದೆ.

ಇದಕ್ಕೆಂದೇ ಒಂದು ಚಡ್ಡಿ ಬರುತ್ತದೆ, ಕೂರುವ ಕಡೆ ಮೆತ್ತೆ ಹೊಲಿದದ್ದು. ಅದನ್ನು ಮಾರುವ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಪೊಟ್ಟಣ ಕೈಗಿಟ್ಟವನು ಬಿಲ್ಲು ಹಾಕದೆ ನಿಂತೇ ಇದ್ದ. ಕಡೆಗೆ ಫ್ಯಾನು ನೋಡುತ್ತಾ, "ಮೇಡಂ, ಇದರ ಒಳಗೆ ಏನೂ... ಅಂದ್ರೆ, ಬರೀ ಇದೊಂದನ್ನೇ..." ಅಂದ. ಒಳಉಡುಪಿನ ಹೊಲಿಗೆ ಒತ್ತಿದರೆ ದೂರದ ದಾರಿಯಲ್ಲಿ ಗಾಯವಾಗುತ್ತದೆ ಎನ್ನುವ ಮುಖ್ಯ ವಿಷಯ ಅದು. ಅವನ ಕಿವಿ ಕೆಂಪಾಗಿದ್ದನ್ನು ನೋಡಿ ನಾನೇ "ಗೊತ್ತಾಯ್ತಪ್ಪ" ಅಂದು ಬಿಡುಗಡೆ ಮಾಡಿದೆ. ಹೋಗುವಾಗ ಧೈರ್ಯ ಬಂದು, "ಸ್ವಲ್ಪ ಕೊಬ್ಬರಿ ಎಣ್ಣೆನೂ ಹಚ್ಕೊಳ್ಳಿ ಮೇಡಂ" ಅಂತ ಬಾಗಿಲವರೆಗೂ ಬಂದು ಹೇಳಿದ.

ಸವಾರಿ ಡಿಸೆಂಬರಿನಲ್ಲಿ. ಕ್ಯಾನ್ಸರ್ ಬಂದ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವುದಕ್ಕೆ. ಹೊರಡುವ ಪ್ರತಿಯೊಬ್ಬರೂ ತಮ್ಮ ಬಂಧುಬಳಗದ ಹತ್ತಿರ ಇಷ್ಟು ಅಂತ ಎತ್ತಿ ತರಬೇಕು, ಒಂದೇ ದಿನದಲ್ಲಿ ಬೆಂಗಳೂರಿನಿಂದ ಮೈಸೂರು ಮುಟ್ಟಬೇಕು. ನಮ್ಮ ಶಾಖೆಯ ಸಾಲ ವಿಭಾಗದ ಹುಡುಗ ಪ್ರತಿ ವರ್ಷ ಹೋಗುವವನು. ಊಟದ ಹೊತ್ತಿನಲ್ಲಿ ಅವನು ಕರೆದ, ನಾನು ಹೂಂ ಅಂದೆ. ಉಪ್ಪಿನಕಾಯಿ ಡಬ್ಬಿ ಮುಚ್ಚುವಷ್ಟರಲ್ಲಿ ಮುಗಿದುಹೋದ ಮಾತು ಅದು. ಆ ಕ್ಷಣದಿಂದ ಅವನು ನನ್ನ ಗುರು. ವಯಸ್ಸಿನಲ್ಲಿ ನನ್ನ ಅರ್ಧ. ಮೇಡಂ ಅಂತ ಕರೆದುಕೊಂಡೇ ದರ್ಪ ಮಾಡುತ್ತಾನೆ.

ಅಭ್ಯಾಸ ಶುರುವಾದದ್ದು ಆಷಾಢದಲ್ಲಿ. "ಆಷಾಢದಲ್ಲಿ ಯಾರಾದರೂ ಹೊಸದು ಶುರು ಮಾಡ್ತಾರೇನೆ?" ಅಂದರು ಅತ್ತೆ. ಅವರ ಮಾತಿನಲ್ಲಿ ಹವಾಮಾನ ಶಾಸ್ತ್ರವೂ ಅಡಗಿತ್ತು. ನಮ್ಮ ಕಡೆ ಮುಂಗಾರಿನ ಗಾಳಿ ಬೀಸುವುದು ನೈಋತ್ಯದಿಂದ. ಬೆಂಗಳೂರಿನಿಂದ ಮೈಸೂರಿನ ದಿಕ್ಕು ನೈಋತ್ಯ. ಅಂದರೆ ಕನಕಪುರ ರಸ್ತೆ ಹಿಡಿದವಳ ಎದೆಗೇ ಗಾಳಿ. ಕಾರಿನವರಿಗೆ ಗಾಳಿಯೆಂದರೆ ಕಿಟಕಿಯ ಸುಖ. ಸೈಕಲ್ಲಿನವರಿಗೆ ಅದು ಕಣ್ಣಿಗೆ ಕಾಣದ ದಿಣ್ಣೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತಿದ್ದ ಭೌತಶಾಸ್ತ್ರ ಹಾರೋಹಳ್ಳಿಯ ಬಯಲಿನಲ್ಲಿ ಮಂಡಿಗೆ ಅರ್ಥವಾಯಿತು. ಗುರು ಮುಂದೆ, ನಾನು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ನನ್ನ ಶ್ರಮದಲ್ಲಿ ಕಾಲು ಭಾಗ ಉಳಿತಾಯ. ಅಂಥ ಹೊತ್ತಿನಲ್ಲಿ ಅವನ ದರ್ಪವನ್ನೆಲ್ಲ ಮನ್ನಿಸಿಬಿಡುತ್ತೇನೆ. ಡಿಸೆಂಬರಿನ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗಿ ಬೆನ್ನು ತಳ್ಳುತ್ತದೆ. ತಿಂಗಳು ಆರಿಸಿದವರು ಬುದ್ಧಿವಂತರು.

ಮೈಸೂರಿಗೆ ಹೋಗಲು ಕನಕಪುರವೇಕೆ ಅನ್ನಬಹುದು. ಹೊಸ ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಸ್ಕೂಟರು, ಆಟೋ, ಟ್ರ್ಯಾಕ್ಟರು, ಎಂಜಿನ್ನಿಲ್ಲದ ಗಾಡಿ ಯಾವುದಕ್ಕೂ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು. ಬಿಡದಿಯ ತಟ್ಟೆ ಇಡ್ಲಿಗೆಂದು ಭಾನುವಾರ ಬೆಳಿಗ್ಗೆ ಹಾಗೆ ಹೋಗುವ ಸೈಕಲ್ಲಿನವರು ಎಷ್ಟೋ ಜನ, ನಾವೂ ಹೋಗಿದ್ದೇವೆ. ಆದರೆ ಗೋಡೆಯಾಚೆ ಕಾರುಗಳು ಸುಯ್ಯೆನ್ನುತ್ತಿರುವಾಗ ದಿನವಿಡೀ ತುಳಿಯುವುದರಲ್ಲಿ ರುಚಿ ಇಲ್ಲ. ನಮ್ಮ ದಾರಿ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಕಿರುಗಾವಲು, ಬನ್ನೂರು. ಎಲ್ಲ ಸೇರಿ ಸುಮಾರು 150 ಕಿಲೋಮೀಟರು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿನ ಮೇಲಿದೆ, ಮೈಸೂರು 770ರ ಆಸುಪಾಸಿನಲ್ಲಿ. ಇದನ್ನು ಕೇಳಿದವರೆಲ್ಲ "ಹಾಗಾದ್ರೆ ಇಳಿಜಾರೇ ಅಲ್ವಾ!" ಅನ್ನುತ್ತಾರೆ. ಮಳವಳ್ಳಿ ಇರುವುದು 600ರ ಸುಮಾರಿನಲ್ಲಿ ಅನ್ನುವುದನ್ನು ಮರೆಯುತ್ತಾರೆ. ಬೆಳಗಿನ ತಂಪಿನಲ್ಲಿ, ಕಾಲು ಚುರುಕಾಗಿರುವಾಗ ಪುಕ್ಕಟೆಯಾಗಿ ಇಳಿದದ್ದನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಸುಸ್ತಾದ ಕಾಲಿನಲ್ಲಿ ಬಡ್ಡಿ ಸಮೇತ ಹತ್ತಿ ತೀರಿಸಬೇಕು. ಸಾಲ ವಿಭಾಗದವನ ಜೊತೆ ಹೋದರೆ ಇನ್ನೇನಾದೀತು.

ಅಭ್ಯಾಸ ಅಂದರೆ ಏದುಸಿರು, ಬೆವರು, ಹಲ್ಲು ಕಚ್ಚುವುದು ಅಂದುಕೊಂಡಿದ್ದೆ. ಗುರುವಿನ ಮೊದಲ ಆಜ್ಞೆಯೇ ಬೇರೆ: "ಮೇಡಂ, ಮಾತಾಡ್ಕೊಂಡು ತುಳೀಬೇಕು. ಮಾತಾಡೋಕೆ ಆಗ್ತಿಲ್ಲ ಅಂದ್ರೆ ಜಾಸ್ತಿ ಆಯ್ತು ಅಂತ. ಹಾಡೋಕೆ ಆಗ್ತಿದೆ ಅಂದ್ರೆ ಸಾಲದು ಅಂತ." ಇದಕ್ಕಿಂತ ಹಿತವಾದ ವ್ಯಾಯಾಮಶಾಸ್ತ್ರವನ್ನು ನಾನು ಕೇಳಿಲ್ಲ. ಮಾತು ಸಾಗುವಷ್ಟು ನಿಧಾನದಲ್ಲಿ ತುಳಿದಾಗಲೇ ಮೈ ಕೊಬ್ಬನ್ನು ಉರಿಸಿ ಓಡುವುದನ್ನು ಕಲಿಯುತ್ತದಂತೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕುವುದನ್ನು ರೂಢಿಸಿಕೊಳ್ಳುತ್ತದಂತೆ. ವಾರದಿಂದ ವಾರಕ್ಕೆ ದೂರವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸಬೇಕು. ಸವಾರಿಗೆ ಮುಂಚೆ ಪೂರ್ತಿ ದೂರವನ್ನು ಒಮ್ಮೆಯಾದರೂ ಹೋಗಿ ನೋಡುವ ಅಗತ್ಯವಿಲ್ಲ. ಮುಕ್ಕಾಲು ಪಾಲು ಆರಾಮವಾಗಿ ಮುಗಿಸಿದವರು ಉಳಿದದ್ದನ್ನು ಜೊತೆಯವರ ಹುರುಪಿನಲ್ಲಿ ದಾಟುತ್ತಾರೆ.

ಎರಡನೆಯ ಆಜ್ಞೆ ಮಂಡಿಯನ್ನು ಕುರಿತದ್ದು. ಹೊಸಬರು ಭಾರದ ಗೇರು ಹಾಕಿ ನಿಧಾನವಾಗಿ ಒತ್ತುತ್ತಾರೆ. ಅದರಲ್ಲಿ ಏನೋ ಪೌರುಷ ಕಾಣುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನಂತೆ ಚಕಚಕ ತುಳಿದರೆ ಅದೇ ವೇಗ ಬರುತ್ತದೆ, ಮಂಡಿ ಉಳಿಯುತ್ತದೆ. ಸೀಟಿನ ಎತ್ತರಕ್ಕೂ ಒಂದು ಸುಲಭದ ಲೆಕ್ಕವಿದೆ. ಪೆಡಲು ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಲ್ಲಿ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಸೀಟು ತಗ್ಗಿದರೆ ಮಂಡಿಯ ಮುಂದೆ ನೋವು, ಎತ್ತರವಾದರೆ ಮಂಡಿಯ ಹಿಂದೆ. ನಮ್ಮ ಯಜಮಾನರು ಹಾಲಿನಲ್ಲಿ ಸೈಕಲ್ ನಿಲ್ಲಿಸಿ, ನನ್ನನ್ನು ಗೋಡೆ ಹಿಡಿದು ಕೂರಿಸಿ, ನೆಲಕ್ಕೆ ಮಂಡಿಯೂರಿ, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಹಿಡಿದು ನೋಡಿದರು. ಮದುವೆಯಾದ ಮೇಲೆ ಅವರು ನನ್ನ ಮುಂದೆ ಮಂಡಿಯೂರಿದ್ದು ಅದೇ ಮೊದಲು.

ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜಾ. ಸ್ಕೂಲುಗಳಿಗೆ ಬೆಳಗಿನ ತರಗತಿ. ಕನಕಪುರದ ಆಸುಪಾಸಿನ ಹಳ್ಳಿ ರಸ್ತೆಗಳಲ್ಲಿ ಆ ಹೊತ್ತಿಗೆ ನನಗೆ ಸಿಗುವ ಸಹಸವಾರರು ಜಡೆಗೆ ರಿಬ್ಬನ್ ಕಟ್ಟಿದ ಹುಡುಗಿಯರು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಅಕ್ಕನಿಂದ ತಂಗಿಗೆ ಇಳಿದು ಬಂದ, ಮಡ್‌ಗಾರ್ಡು ಲಟಲಟ ಅನ್ನುವ ಅಂಥ ಸೈಕಲ್ಲುಗಳು ಇನ್ನೂ ಓಡಾಡುತ್ತಿವೆ. ಗೇರಿಲ್ಲ, ಹೆಲ್ಮೆಟ್ಟಿಲ್ಲ, ಕ್ಯಾರಿಯರಿನ ಮೇಲೆ ಇನ್ನೊಬ್ಬಳು. ನಾನು ಅತಿ ಹಗುರದ ಗೇರಿಗೆ ಇಳಿದು, ಗುರು ಹೇಳಿದ ಲಯದಲ್ಲಿ ದಿಣ್ಣೆ ಹತ್ತುತ್ತಿದ್ದರೆ ಪಕ್ಕದಲ್ಲೇ ಎದ್ದು ನಿಂತು ತುಳಿಯುತ್ತಾ ಒಬ್ಬಳು ಬಂದಳು. "ಆಂಟಿ, ನಿಮ್ ಸೈಕಲ್ ಎಷ್ಟಾಯ್ತು?" ಹೇಳಿದೆ. ಕ್ಯಾರಿಯರಿನ ಮೇಲಿದ್ದವಳು ನನ್ನನ್ನೂ ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿದಳು. ಮುಂದೆ ಹೋಗಿ ಇಬ್ಬರೂ ನಕ್ಕಿದ್ದು ಕೇಳಿಸಿತು.

ಅವರ ವಯಸ್ಸಿನಲ್ಲಿ ನಾನು ಕಲಿತದ್ದು ಗಂಟೆ ಬಾಡಿಗೆಯ ಸೈಕಲ್ಲಿನಲ್ಲಿ. ಅಂಗಡಿಯವರು ಹೆಸರು, ಹೊತ್ತು ಎರಡನ್ನೂ ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕಾಲು ಎಟುಕದ ಗಂಡಸರ ಸೈಕಲ್ಲಿಗೆ ಒಳಪೆಡಲು ಹೊಡೆದು, ಮಂಡಿ ತರಚಿಕೊಂಡು, ಗಂಟೆ ಮುಗಿಯುವುದರೊಳಗೆ ತಂದು ಒಪ್ಪಿಸುವ ಧಾವಂತ. ಆಗ ತಯಾರಿ ಅನ್ನುವುದೇ ಇರಲಿಲ್ಲ. ಹತ್ತುವುದು, ಬೀಳುವುದು, ಮತ್ತೆ ಹತ್ತುವುದು.

ಹಣ ಎತ್ತುವ ಕೆಲಸಕ್ಕೆ ಮಾತ್ರ ಯಾವ ಅಭ್ಯಾಸಕ್ರಮವೂ ಇಲ್ಲ. ಬ್ಯಾಂಕಿನಲ್ಲಿ ಕೋಟಿಗಟ್ಟಲೆ ಎಣಿಸಿದ ಕೈಗೆ ಇನ್ನೊಬ್ಬರ ಮುಂದೆ ಐನೂರಕ್ಕೆ ಚಾಚುವಾಗ ಬರುವ ನಡುಕ ಬೇರೆ. ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪ ನಿವೃತ್ತ ಆಡಿಟರು. ಫೋನಿನಲ್ಲಿ ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಮಕ್ಕಳ ಚಿಕಿತ್ಸೆಗೆ ತಾನೆ? ದುಡ್ಡನ್ನ ನೇರ ಆಸ್ಪತ್ರೆಗೇ ಕಳಿಸ್ತೀನಮ್ಮ. ಮಧ್ಯೆ ಸೈಕಲ್ ಯಾಕೆ?" ಅಂದರು. ಉತ್ತರ ತಕ್ಷಣಕ್ಕೆ ಹೊಳೆಯಲಿಲ್ಲ. ಅವರೇ ಕನಿಕರಪಟ್ಟು ಕಿಲೋಮೀಟರಿಗೆ ಹತ್ತು ರೂಪಾಯಿಯಂತೆ ಒಪ್ಪಿಕೊಂಡರು. "ಅರ್ಧ ದಾರೀಲಿ ವ್ಯಾನು ಹತ್ತಿದ್ರೆ ಅಷ್ಟಕ್ಕೇ. 80ಜಿ ರಸೀದಿ ಬೇಕು. ನಗದು ಕೊಡಲ್ಲ, ಚೆಕ್ಕು. ಎರಡು ಸಾವಿರ ದಾಟಿದ ನಗದಿಗೆ ವಿನಾಯಿತಿ ಇಲ್ಲ. ಈಗ ದಾಟಲ್ಲ, ಆದರೂ ಅಭ್ಯಾಸ ಒಂದೇ ಥರ ಇರಬೇಕು." ತಯಾರಿಯ ವಿಷಯದಲ್ಲಿ ನಮ್ಮ ಗುರುವಿಗಿಂತ ಶಿಸ್ತಿನವರು.

ಚಿಕ್ಕಪ್ಪನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾತನೂರಿನ ಈಚೆಗೆ ಹೊಂಗೆ ಮರದಡಿ ಸೀಬೆಕಾಯಿ ಮಾರುತ್ತಿದ್ದ ಅಜ್ಜಿ ಅದನ್ನೇ ತನ್ನ ರೀತಿಯಲ್ಲಿ ಕೇಳಿದಳು. ಹೆಲ್ಮೆಟ್ಟು, ಕೈಗವಸು, ಬೆವರಿಗೆ ಅಂಟಿದ ಕೂದಲು ಎಲ್ಲವನ್ನೂ ನೋಡಿ, "ಯಾವ್ ದ್ಯಾವ್ರುಗವ್ವ ಅರ್ಕೆ?" ಅಂದಳು. ಕಾಯಿಲೆ ಬಿದ್ದ ಮಕ್ಕಳಿಗಾಗಿ ಅಂದೆ. "ನಿನ್ ಮಕ್ಳಾ?" ಅಲ್ಲ, ಬೇರೆಯವರ ಮಕ್ಕಳು. "ಬ್ಯಾರೇರ್ ಮಕ್ಳಿಗ್ ನೀನ್ಯಾಕ್ ಅರ್ಕೆ ಒತ್ಕಂಡೆ?" ಆಮೇಲೆ ನನಗೆ ಕಾಯದೆ, ಸೀಬೆಕಾಯಿ ಕೊಯ್ದು ಉಪ್ಪುಖಾರ ಸವರುತ್ತಾ, "ಒಸಿ ತಡಿ, ನಮ್ ಹೈಕ್ಳೂವೆ ಮಾದಪ್ಪನ್ ಬೆಟ್ಟುಕ್ ನಡ್ಕಂಡೇ ಓಯ್ತವೆ, ಬಸ್ಸಿದ್ರೂವೆ" ಅಂದಳು. ಶಿವರಾತ್ರಿ ಹತ್ತಿರ ಬಂದಾಗ ಈ ಸೀಮೆಯ ಜನ ತಂಡ ತಂಡವಾಗಿ ಹೊರಟು, ಸಂಗಮದ ಕಡೆ ಕಾವೇರಿಯನ್ನು ಹಾದು, ಕಾಡಿನ ದಾರಿಯಲ್ಲಿ ಮಲೆ ಮಹದೇಶ್ವರ ಬೆಟ್ಟ ಸೇರುತ್ತಾರೆ. ಬಸ್ಸಿನಲ್ಲಿ ಹೋದವರಿಗೆ ಮಾದಪ್ಪ ದರ್ಶನ ಕೊಡುವುದಿಲ್ಲವೆಂದೇನಲ್ಲ. ಬೇಡುವುದಕ್ಕೆ ಮುಂಚೆ ಮೈ ಸವೆಸಬೇಕು ಅನ್ನುವುದು ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಆಡಿಟರಿಗೆ ಮಾತ್ರ ಹೇಳಬೇಕು.

ಅಮೆರಿಕದಲ್ಲೂ ಒಬ್ಬರಿಗೆ ಹೀಗೇ ಹೊಳೆದಿರಬೇಕು. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ ಎಂಬಾತ 1980ರಲ್ಲಿ ಸ್ನೇಹಿತರನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯವನ್ನು ಅಡ್ಡ ಹಾಯುವ ಸೈಕಲ್ ಸವಾರಿ ಹೊರಟರು. 36 ಮಂದಿ ಸವಾರರು, ಕೂಡಿಬಂದದ್ದು 10,200 ಡಾಲರು. ಪ್ಯಾನ್ ಮಾಸ್ ಚಾಲೆಂಜ್ ಎಂಬ ಹೆಸರಿನಲ್ಲಿ ಅದು ಈಗಲೂ ಪ್ರತಿ ಆಗಸ್ಟಿನಲ್ಲಿ ನಡೆಯುತ್ತದೆ, ಹಣ ಬಾಸ್ಟನ್ನಿನ ಡಾನಾ ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ. ಅಲ್ಲಿಯ ಚಿಕ್ಕಪ್ಪಂದಿರೂ ನೇರ ಆಸ್ಪತ್ರೆಗೇ ಕಳಿಸುತ್ತೇನೆ ಅಂದಿರಬಹುದು. ಕಳಿಸುತ್ತೇನೆ ಅಂದವರಲ್ಲಿ ನಿಜಕ್ಕೂ ಕಳಿಸುವವರು ಎಷ್ಟು ಜನ ಅನ್ನುವುದು ಬ್ಯಾಂಕಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಒಬ್ಬಳು ಪರಿಚಯದ ಹೆಂಗಸು ಬಿಸಿಲಿನಲ್ಲಿ ದಿಣ್ಣೆ ಹತ್ತುತ್ತಿದ್ದಾಳೆ ಅನ್ನುವುದು ನೆನಪಾದರೆ ಚೆಕ್ ಪುಸ್ತಕ ಡ್ರಾಯರಿನಿಂದ ಹೊರಬರುತ್ತದೆ.

ಅಜ್ಜಿ ಬಿಲ್ಲಿನಲ್ಲಿ ರಿಯಾಯಿತಿಯನ್ನೇನೂ ಕೊಡಲಿಲ್ಲ. ಚಿಲ್ಲರೆಯಿಲ್ಲ ಅಂತ ಇನ್ನೊಂದು ಸೀಬೆಕಾಯಿ ಹೇರಿದಳು.

ಇನ್ನು ತಿನ್ನುವುದು. ಈ ಇಡೀ ತಯಾರಿಯಲ್ಲಿ ನಾನು ಪ್ರತಿಭೆ ತೋರಿದ ವಿಭಾಗ ಇದೊಂದೇ ಆದ್ದರಿಂದ ಸ್ವಲ್ಪ ವಿಸ್ತಾರಕ್ಕೆ ಅಪ್ಪಣೆ ಬೇಕು. ಯಕೃತ್ತು, ಸ್ನಾಯು ಎರಡರಲ್ಲೂ ಸೇರಿ ಮೈ ಕೂಡಿಟ್ಟುಕೊಳ್ಳುವ ಗ್ಲೈಕೋಜನ್ ಸುಮಾರು 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಎರಡು ಗಂಟೆಯ ಹೊತ್ತಿಗೆ ಅದು ತಳ ಕಾಣುತ್ತದೆ. ಆಗ ಆಗುವುದು ಹಸಿವಲ್ಲ. ಕಣ್ಣು ಮಂಜಾಗಿ, ಕೈ ನಡುಗಿ, ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಸಿಟ್ಟು ಬರುತ್ತದೆ. ಆದ್ದರಿಂದ ಹಸಿವಾಗುವ ಮುಂಚೆಯೇ ತಿನ್ನಬೇಕು, ಬಾಯಾರುವ ಮುಂಚೆಯೇ ಕುಡಿಯಬೇಕು. ಹಸಿದಲ್ಲದೆ ಉಣ್ಣಬೇಡ ಅಂತ ಹೇಳಿ ಬೆಳೆಸಿದ ಅಜ್ಜಿಯರ ಮೊಮ್ಮಗಳಿಗೆ ಇದು ಸಣ್ಣ ಕ್ರಾಂತಿ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆಯ ಅಂಶ ಒಳಗೆ ಹೋಗಬೇಕು. ದೊಡ್ಡ ಪಚ್ಚಬಾಳೆಯಾದರೆ ಗಂಟೆಗೊಂದೆರಡು ಸಾಕು, ಏಲಕ್ಕಿ ಬಾಳೆಯಾದರೆ ಅರ್ಧ ಚಿಪ್ಪು ಖಾಲಿ. ಪಾಕೆಟ್ಟಿನಲ್ಲಿ ಬರುವ ಜೆಲ್ ಅನ್ನೂ ಗುರು ಕೊಟ್ಟ. ಕೆಮ್ಮಿನ ಔಷಧಿಯನ್ನು ಗಟ್ಟಿ ಮಾಡಿದ್ದಾರೆ ಅನ್ನಿಸಿತು.

ನಾನು ನೆಚ್ಚಿಕೊಂಡದ್ದು ಕಡಲೆಕಾಯಿ ಚಿಕ್ಕಿಯನ್ನು. ಬೆಲ್ಲ ತಕ್ಷಣಕ್ಕೆ, ಕಡಲೆಬೀಜ ನಿಧಾನಕ್ಕೆ. ಬಾಯಲ್ಲಿ ಒಂದು ತುಂಡು ಇಟ್ಟುಕೊಂಡರೆ ಒಂದು ಊರು ದಾಟುತ್ತದೆ. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸವಾರಿಗೆ ಕೆಲವೇ ವಾರ ಮುಂಚೆ. ದೊಡ್ಡ ಬಸವಣ್ಣನಿಗೆ ಕೈಮುಗಿದು, ಸೇರುಗಟ್ಟಲೆ ತಂದು, ಹುರಿದು, ಸಿಪ್ಪೆ ಊದಿ, ಬೆಲ್ಲದ ಪಾಕಕ್ಕೆ ನೀರಿನಲ್ಲಿ ಹಾಕಿದರೆ ಟಕ್ಕೆಂದು ಮುರಿಯುವ ಹದ ಬರಿಸಿ, ಅತ್ತೆಯೇ ಮಾಡಿಕೊಟ್ಟರು. ಆಷಾಢದ ಆಕ್ಷೇಪಣೆ ಅಷ್ಟು ಹೊತ್ತಿಗೆ ಕರಗಿತ್ತು. ಬೆವರಿನಲ್ಲಿ ಹೋಗುವ ಉಪ್ಪಿಗೆ ಲೀಟರು ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿಭೇದಿಯಾದ ಮಕ್ಕಳಿಗೆ ಕಲಸುವ ಅದೇ ನೀರು. ಅದಕ್ಕೆ ಒಂದು ನಿಂಬೆಹಣ್ಣು ಹಿಂಡಿದರೆ ಅಂಗಡಿಯ ಬಣ್ಣದ ಪುಡಿಗಳ ಗೊಡವೆ ಬೇಡ.

ಪಂಕ್ಚರಿನ ವಿದ್ಯೆಯನ್ನೂ ಕಲಿಯಬೇಕಾಯಿತು. ಈಗಿನ ಎಷ್ಟೋ ಸೈಕಲ್ಲುಗಳ ಟ್ಯೂಬಿಗೆ ಸಣ್ಣ ಬೆರಳಿಗಿಂತ ತೆಳುವಾದ ಪ್ರೆಸ್ಟಾ ವಾಲ್ ಇರುತ್ತದೆ. ಊರಿನ ಅಂಗಡಿಯ ಪಂಪು ಅದನ್ನು ಕಚ್ಚುವುದಿಲ್ಲ. ಹಲಗೂರಿನ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಉಗುರಿನಲ್ಲಿ ಗುರುತು ಹಾಕಿ, ಉಜ್ಜಿ, ಅಂಟಿಸಿ ಎಲ್ಲ ಚೆನ್ನಾಗಿಯೇ ಮಾಡಿದರು. ಗಾಳಿ ಹಿಡಿಯುವಾಗ ಮಾತ್ರ, "ಇದ್ಯಾವ್ ಸೀಮೆ ವಾಲಕ್ಕಾ?" ಅಂತ ಪಂಪು ಕೆಳಗಿಟ್ಟರು. ನನ್ನ ಚೀಲದಲ್ಲಿ ಕಡಲೆಬೀಜದಷ್ಟು ದೊಡ್ಡ ಹಿತ್ತಾಳೆಯ ಅಡಾಪ್ಟರು ಇತ್ತು. ಅದನ್ನು ತಿರುಗಿಸಿ ಕೂರಿಸಿದ ಮೇಲೆ ಅವರು ನನ್ನನ್ನು ನೋಡಿದ ರೀತಿಗೆ ಮುಂದಿನ ಹತ್ತು ಕಿಲೋಮೀಟರು ತೇಲಿಕೊಂಡು ಹೋದೆ.

ಸವಾರಿಯ ಹಿಂದಿನ ವಾರ ಸೈಕಲ್ಲನ್ನು ಹೆಚ್ಚು ಮುಟ್ಟಕೂಡದು. ದಣಿದ ಸ್ನಾಯುಗಳು ದುರಸ್ತಿಯಾಗಿ ಬಲಿಯುವುದು ವಿಶ್ರಾಂತಿಯಲ್ಲಿ. ಅಷ್ಟು ತಿಂಗಳು ಬೆಳಗಿನ ಐದಕ್ಕೆ ಏಳುವುದು ಅಭ್ಯಾಸವಾಗಿ, ಆ ವಾರವೆಲ್ಲ ಏನೂ ಮಾಡದೆ ಅಡುಗೆಮನೆಯಲ್ಲಿ ಕೂತು ಅತ್ತೆಯ ಕಾಫಿ ಕುಡಿದೆ. ಕಲಿತದ್ದರಲ್ಲೆಲ್ಲ ಕಷ್ಟವಾದದ್ದು ಇದೇ.

ಸವಾರಿಯ ದಿನದ ಬಗ್ಗೆ ಹೇಳುವುದು ಕಡಿಮೆ. ಕತ್ತಲಲ್ಲಿ ಹೊರಟೆವು. ಬೆನ್ನಿಗೆ ಈಶಾನ್ಯದ ಗಾಳಿ ಮಾತು ಕೊಟ್ಟಂತೆ ಬಂತು. ಮಳವಳ್ಳಿಯಲ್ಲಿ ಮುಖ್ಯರಸ್ತೆ ಬಿಟ್ಟು ಒಳಗೆ ಹೋಗಿ ಇಡ್ಲಿ ತಿಂದೆವು. ಕಿರುಗಾವಲಿನ ಗದ್ದೆಗಳು ಕೊಯ್ಲಿಗೆ ಬಂದಿದ್ದವು. ಬನ್ನೂರಿನಲ್ಲಿ ಅದರ ಹೆಸರಿನವೇ ಆದ ಗಿಡ್ಡ ಕುರಿಗಳು ರಸ್ತೆ ತುಂಬ ನಿಂತು ನಮ್ಮನ್ನು ಇಳಿಸಿದವು. ಕಾವೇರಿ ದಾಟಿದ ಮೇಲೆ ಬಡ್ಡಿ ಸಮೇತದ ಏರು. ಅಲ್ಲಿ ಗುರು ನನ್ನನ್ನು ಮಾತಾಡಿಸಲು ನೋಡಿದ. ನನಗೆ ಮಾತು ಬರುತ್ತಿರಲಿಲ್ಲ, ಹಾಡಂತೂ ದೂರ.

ಮೈಸೂರಿನ ಮೈದಾನದಲ್ಲಿ ಚಿಕ್ಕಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಚೆಕ್ ಪುಸ್ತಕ ಹಿಡಿದು ನಿಂತಿದ್ದರು. ಚಿಕ್ಕಮ್ಮ ಫ್ಲಾಸ್ಕಿನಿಂದ ಮಜ್ಜಿಗೆ ಬಗ್ಗಿಸಿದರು. ಚಿಕ್ಕಪ್ಪ ನನ್ನನ್ನು ಚೆನ್ನಾಗಿದ್ದೀಯಾ ಅಂತ ಕೇಳಿ, ಬಗ್ಗಿ, ಕನ್ನಡಕ ಏರಿಸಿ, ಹ್ಯಾಂಡಲ್ಲಿನ ಮೇಲಿದ್ದ ಮೀಟರನ್ನು ಓದಿದರು.

"ಮಳವಳ್ಳೀಲಿ ಇಡ್ಲಿಗೆ ಅಂತ ಒಳಗೆ ಹೋಗಿದ್ರಂತಲ್ಲ, ಅದೂ ಇದರಲ್ಲಿ ಸೇರಿದ್ಯೇನಮ್ಮ?"

ಸೇರಿದೆ ಅಂದೆ. ಜೇಬಿನಿಂದ ಪೆನ್ನು ತೆಗೆದರು.